ಅಕ್ಕ ಕೈ ಬಿಗಿ ಮಾಡಿದ್ದು

ಒಂದು ದೇಹದಲ್ಲಿ ಯಕೃತ್ತು ಎಲ್ಲರಿಗೂ ಅಕ್ಕ. ಯಾರು ಹಸಿವೆಂದರೂ ತನ್ನ ಉಗ್ರಾಣದ ಸಕ್ಕರೆಯನ್ನು ರಕ್ತದಲ್ಲಿ ಕಳಿಸಿಕೊಡುತ್ತಿದ್ದಳು. ದಿನವಿಡೀ ಕುರ್ಚಿಯಲ್ಲಿ ಒರಗಿರುತ್ತಿದ್ದ ತೊಡೆಯ ಸ್ನಾಯು, ಸಕ್ಕರೆ ತಂದ ಇನ್ಸುಲಿನ್ ಎಷ್ಟು ಬಾಗಿಲು ತಟ್ಟಿದರೂ ತೆರೆಯದೆ, ಒಳಗಿನಿಂದಲೇ "ಅಕ್ಕಾ, ಹಸಿವು" ಎಂದು ಕೂಗುತ್ತಿದ್ದ. ಅಕ್ಕ ಮತ್ತೆ ಕಳಿಸುವಳು. ಅವನ ಹೊಸ್ತಿಲಲ್ಲಿ ರಾಶಿ ಬಿದ್ದು ಮಿಕ್ಕಿದ್ದನ್ನು ಇನ್ಸುಲಿನ್ ಮರಳಿ ಅವಳ ಅಂಗಳಕ್ಕೇ ತಂದು ಸುರಿಯುವನು. ಚೆಲ್ಲಲು ಮನಸ್ಸಾಗದೆ ಅವಳು ಅದನ್ನು ಕೊಬ್ಬು ಮಾಡಿ ತುಂಬಿಟ್ಟಳು. ಬರಬರುತ್ತಾ ಅವಳಿಗೇ ಜಾಗವಿಲ್ಲದಂತಾಗಿ, ಮೈ ಅಲ್ಲಲ್ಲಿ ಗಟ್ಟಿಯಾಗತೊಡಗಿತು.

ಆಗ ವೈದ್ಯರು ಕೊಟ್ಟ ಗುಳಿಗೆ ಬಂದ.

"ಬಾರಪ್ಪ, ಈ ಕೊಬ್ಬನ್ನೆಲ್ಲ ಹೊತ್ತು ಹೊರಗೆ ಹಾಕು," ಎಂದಳು ಯಕೃತ್ತು.

"ಹೊರುವುದು ನನ್ನ ಕೆಲಸವಲ್ಲಮ್ಮ. ನಿಮ್ಮ ಕೈ ಹಿಡಿದು ನಿಲ್ಲಿಸಲು ಬಂದಿದ್ದೇನೆ. ಕಳಿಸುವುದನ್ನು ಕಡಿಮೆ ಮಾಡಿ."

"ಅಯ್ಯೋ, ತಮ್ಮ ಉಪವಾಸ ಬಿದ್ದರೆ?"

"ಅವನ ಬಾಗಿಲ ಮುಂದೆ ಸಕ್ಕರೆ ರಾಶಿ ಬಿದ್ದಿದೆ. ಅವನು ಏಳಬೇಕು, ಅಷ್ಟೇ."

ಒಲ್ಲದ ಮನಸ್ಸಿನಿಂದ ಅಕ್ಕ ಕೈ ಬಿಗಿ ಮಾಡಿದಳು. ಸ್ನಾಯು ಕೂಗಿದ, ಬೈದ, "ನೀನೂ ಒಬ್ಬ ಅಕ್ಕನೇ?" ಎಂದ. ಅವಳು ಕೈ ಸಡಿಲಿಸಲಿಲ್ಲ. ಬೇರೆ ದಾರಿ ಕಾಣದೆ ಅವನು ಎದ್ದು ಕೆರೆ ಏರಿಯ ಮೇಲೆ ಒಂದು ಗಂಟೆ ನಡೆದ. ನಡೆದ ದಣಿವಿಗೆ ತಾನಾಗಿಯೇ ಬಾಗಿಲು ತೆರೆದು, ಹೊಸ್ತಿಲಲ್ಲಿದ್ದ ಸಕ್ಕರೆಯನ್ನು ಒಳಗೆಳೆದುಕೊಂಡ. ಮರುದಿನವೂ ನಡೆದ.

ತಿಂಗಳುಗಳು ಕಳೆದಂತೆ ಯಕೃತ್ತಿನ ಕೊಬ್ಬು ಕರಗುತ್ತಾ ಬಂತು. ಒಂದು ಸಂಜೆ ಸ್ನಾಯು ಮೆಲ್ಲಗೆ ಕೇಳಿದ: "ಅಕ್ಕಾ, ಇವತ್ತೊಂದು ಹಿಡಿ ಹಾಕ್ತೀಯಾ?"

"ಹಾಕ್ತೀನಿ ಮಾರಾಯ," ಎಂದಳು ಅಕ್ಕ. "ಮೊದಲು ಒಂದು ಸುತ್ತು ಹೋಗಿ ಬಾ."