ಗೋಲಿ ಬೀಳುವ ಬಾಗಿಲು

“ಗುರುಗಳೇ, ನಾನು ಹಾಕಿದ ದುಡ್ಡು ಎಲ್ಲೆಲ್ಲಿ ಏನೇನಾಗುತ್ತಿದೆ ಎಂದು ಕೂತಲ್ಲೇ ನೋಡುವುದಕ್ಕೆ ಯಾವ ಸಾಧನ ಒಳ್ಳೆಯದು?”

ಹೀಗೆ ಕೇಳಿದವನು ತಿಪ್ಪೇಶಪ್ಪ. ಸಹಕಾರ ಸಂಘದ ಕೆಲಸದಿಂದ ನಿವೃತ್ತನಾದವನು, ಗುರುಗಳ ಹಳೆಯ ಶಿಷ್ಯ. ನಿವೃತ್ತಿಯಲ್ಲಿ ಬಂದ ಹಣವನ್ನು ಅವನು ಒಂದೇ ಕಡೆ ಇಟ್ಟಿರಲಿಲ್ಲ. ಹಪ್ಪಳ ಮಾಡುವ ಹೆಂಗಸರ ಗುಂಪಿಗೆ ಸ್ವಲ್ಪ, ಅಣ್ಣತಮ್ಮಂದಿರ ಒಂದು ಹೊಲಿಗೆ ಅಂಗಡಿಗೆ ಸ್ವಲ್ಪ, ಹೂವು ಬೆಳೆಯುವ ಒಂದು ಕುಟುಂಬಕ್ಕೆ ಸ್ವಲ್ಪ ಎಂದು ಪಾಲು ಬಂಡವಾಳ ಹಾಕಿದ್ದ. ಈಗ ಫೋನಿನಲ್ಲಿ ಎರಡು ಆ್ಯಪ್ ಇಳಿಸಿಕೊಂಡು ಬಂದಿದ್ದ. ಒಂದರಲ್ಲಿ ಆ ಜನರೆಲ್ಲ ತಿಂಗಳಿಗೊಮ್ಮೆ ತಮ್ಮ ವ್ಯಾಪಾರದ ಅಂಕಿ ತುಂಬಬೇಕು. ಇನ್ನೊಂದರಲ್ಲಿ ದಿನವೂ ಸಂಜೆ ತುಂಬಬೇಕು, ಪ್ರತಿ ವಸ್ತುವಿನ ಫೋಟೋ ಸಮೇತ. ಅದರಲ್ಲಿ ಬಣ್ಣದ ಗೆರೆಗಳು ಏರಿ ಇಳಿಯುವುದು ಚೆನ್ನಾಗಿ ಕಾಣುತ್ತಿತ್ತು. ಅವನ ಮನಸ್ಸು ಅದರ ಮೇಲೆಯೇ ಇತ್ತು.

ಗುರುಗಳು ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು. ಹಿಂದಕ್ಕೆ ಕೊಟ್ಟರು.

“ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಈ ಕತೆ ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ನಿನ್ನ ಮೇಲಲ್ಲ. ಸದ್ಯಕ್ಕಂತೂ ಅಲ್ಲ.”

ಗುರುಗಳು ಹೇಳಿದ ಕತೆ ಇದು.

ಬಯಲುಸೀಮೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಬಂಡವಾಳವೆಲ್ಲ ಕುರಿ. ಹಾಗೆಂದು ಒಂದು ದಿನವಾದರೂ ಕುರಿ ಕಾದವನಲ್ಲ. ಸುತ್ತಲಿನ ಹಳ್ಳಿಗಳ ಕುರಿಗಾರರಿಗೆ ಪಾಲಿಗೆ ಕೊಟ್ಟಿದ್ದ. ಪಾಲು ಎಂದರೆ, ಹೆಣ್ಣುಕುರಿ ಅವನದು, ಬಿಸಿಲಲ್ಲಿ ಅಲೆದು ಮೇಯಿಸುವ ಪಾಡು ಇವರದು. ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ಇವರಿಗೆ. ಮೂರು ಸೂಲು ಆದ ಮೇಲೆ, ಎಂದರೆ ಮೂರು ಸಲ ಮರಿ ಹಾಕಿದ ಮೇಲೆ, ಕುರಿಗಳು ಒಡೆಯನಿಗೆ ವಾಪಸ್ಸು. ನಡುವೆ ಯಾವುದಾದರೂ ಸತ್ತರೆ ಅದರ ಕಿವಿಯನ್ನು ತಂದು ತೋರಿಸಬೇಕು. ಕಿವಿಯಲ್ಲಿ ಒಡೆಯನ ಕತ್ತರಿ ಗುರುತು ಇರುತ್ತದೆ. ಕಿವಿ ತಂದರೆ ಸತ್ತದ್ದು ನಿಜ. ತರದಿದ್ದರೆ ಕುರಿಗಾರ ಮಾರಿಕೊಂಡ ಎಂದೇ ಅರ್ಥ. ಅದು ಅಲ್ಲಿನ ಕಟ್ಟಳೆ.

ಹಾಗೆ ಪಾಲಿಗೆ ತೆಗೆದುಕೊಂಡವರಲ್ಲಿ ಚಿತ್ತಮ್ಮ ಎಂಬವಳು ಒಬ್ಬಳು. ಎರಡು ಸೂಲು ಮುಗಿದಿತ್ತು. ತನ್ನ ಪಾಲಿಗೆ ಬಂದ ಮರಿಗಳಲ್ಲಿ ಒಂದನ್ನೂ ಅವಳು ಮಾರಿರಲಿಲ್ಲ. ಗಂಜಿ ಕುಡಿದು ಇದ್ದಳು, ಮರಿಗಳನ್ನು ಉಳಿಸಿಕೊಂಡಿದ್ದಳು. ಮೂರನೆಯ ಸೂಲಿನ ಪಾಲೂ ಕೈಗೆ ಬಂದರೆ ಅವಳದೇ ಒಂದು ಹಿಂಡಾಗುತ್ತಿತ್ತು. ಇನ್ನೊಬ್ಬರ ಕುರಿ ಕಾಯುವುದು ಅಲ್ಲಿಗೆ ಮುಗಿಯುತ್ತಿತ್ತು. ಇನ್ನೊಂದು ಸೂಲು, ಆಮೇಲೆ ನನ್ನ ಹಿಂಡಿಗೆ ನಾನೇ ಒಡತಿ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಳು.

ವ್ಯಾಪಾರಿ ಮೊದಲು ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಹಟ್ಟಿಹಟ್ಟಿಗೆ ಹೋಗಿ ತನ್ನ ಕುರಿ ನೋಡಿಕೊಂಡು ಬರುತ್ತಿದ್ದ. ವಯಸ್ಸಾಗುತ್ತ ಮೈ ಬಂತು, ನಡೆಯಲು ಬೇಸರ ಬಂತು. ಕೂತಲ್ಲೇ ನೋಡುವ ಉಪಾಯ ಬೇಕೆಂದು ನಾಲ್ಕು ಜನರನ್ನು ಕೇಳಿದ. ನಂಬಿಕೆಯ ಆಳೊಬ್ಬನನ್ನು ಕಳಿಸು ಎಂದರು ಕೆಲವರು. ಆಳಿಗೆ ಸಂಬಳ ಕೊಡಬೇಕಲ್ಲ, ಅದು ಬೇಡವೆಂದ. ಮರಿ ಹಾಕುವ ಕಾಲಕ್ಕೆ ನೀನೇ ಒಂದು ಸಲ ಹೋಗಿ ಬಾ, ಸಾಕು ಎಂದರು ಇನ್ನು ಕೆಲವರು. ಅದೂ ರುಚಿಸಲಿಲ್ಲ.

ಕೊನೆಗೆ ಒಬ್ಬ ಬಡಗಿ ಬಂದ. ಅವನು ವ್ಯಾಪಾರಿಯ ಮನೆಯ ಹಿಂದೆ ಒಂದು ದೊಡ್ಡಿ ಕಟ್ಟಿ, ಅದಕ್ಕೆ ಒಂದೇ ಕುರಿ ಹಿಡಿಸುವಷ್ಟು ಇಕ್ಕಟ್ಟಾದ ಬಾಗಿಲು ಇಟ್ಟ. ಬಾಗಿಲಿಗೆ ಅಡ್ಡವಾಗಿ ತಿರುಗುವ ಮರದ ಪಟ್ಟಿ. ಕುರಿ ಅದನ್ನು ತಳ್ಳಿಕೊಂಡು ಒಳಗೆ ಹೋದರೆ ಮೇಲಿನಿಂದ ಒಂದು ಗೋಲಿ ತಾಮ್ರದ ಕೊಡಕ್ಕೆ ಬೀಳುತ್ತದೆ. ಒಂದು ಕುರಿಗೆ ಒಂದು ಗೋಲಿ. ವ್ಯಾಪಾರಿ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತರೆ ಆಯಿತು, ಅವನ ಆಸ್ತಿಯೆಲ್ಲ ಟಣ್ ಟಣ್ ಎಂದು ಕಿವಿಗೆ ಬೀಳುತ್ತಿತ್ತು. ಜನ ಬಂದು ನೋಡಿ ಭೇಷ್ ಎಂದರು. ಭೇಷ್ ಎಂದವರಲ್ಲಿ ಒಬ್ಬನೂ ಕುರಿ ಕಾಯುವವನಲ್ಲ.

ವ್ಯಾಪಾರಿ ನಡೆಯುವುದನ್ನು ಬಿಟ್ಟ. ಅವನ ಬದಲು ಕುರಿಗಳು ನಡೆಯತೊಡಗಿದವು. ಮೊದಮೊದಲು ತಿಂಗಳಿಗೊಮ್ಮೆ ಎಲ್ಲ ಹಳ್ಳಿಗಳಿಂದ ಹಿಂಡುಗಳನ್ನು ಹೊಡೆದುಕೊಂಡು ಬರಬೇಕಿತ್ತು. ಆಮೇಲೆ ಸಂತೆಯಲ್ಲಿ ಕುರಿಯ ದರ ಬಿತ್ತು. ಅವನಿಗೆ ನಿದ್ದೆ ಹೋಯಿತು. ಪ್ರತಿ ಸೋಮವಾರ ತನ್ನಿ ಎಂದ. ದರ ಬಿದ್ದರೆ ಕುರಿ ಕಡಿಮೆಯಾಗುತ್ತದೆಯೇ? ಎಣಿಸಿದರೆ ಹೆಚ್ಚಾಗುತ್ತದೆಯೇ? ಎರಡೂ ಇಲ್ಲ. ಆದರೂ ಎಣಿಸಬೇಕು, ಕಜ್ಜಿ ಕೆರೆದುಕೊಂಡ ಹಾಗೆ.

ಅಷ್ಟರಲ್ಲಿ ಕುರಿಗಳು ಗಬ್ಬವಾಗಿದ್ದವು. ಚಿತ್ತಮ್ಮ ಬಂದು ಕೈ ಮುಗಿದಳು.

“ಸ್ವಾಮಿ, ಹೊಟ್ಟೆ ತುಂಬಿದ ಕುರಿಗಳು. ನಮ್ಮ ಹಟ್ಟಿ ಎಲ್ಲರದಕ್ಕಿಂತ ದೂರ, ನಿಮ್ಮ ಬಾಗಿಲು ಇಕ್ಕಟ್ಟು. ಮರಿ ಹಾಕೋವರೆಗೆ ಈ ಎಣಿಕೆ ಬಿಟ್ಟುಬಿಡಿ. ಬೇಕಾದರೆ ನೀವೇ ಬನ್ನಿ, ನಮ್ಮ ಹಟ್ಟಿಯಲ್ಲೇ ಉಂಡು ಹೋಗಿ.”

“ಎಣಿಸಬೇಡಿ ಅಂತ ನೀನೊಬ್ಬಳೇ ಯಾಕೆ ಹೇಳ್ತೀಯ? ಹೋಗು, ಸೋಮವಾರ ಹೊಡ್ಕೊಂಡು ಬಾ,” ಎಂದ ವ್ಯಾಪಾರಿ.

ನನ್ನ ಮೈ ಉರಿಯುವುದು ಈ ಮಾತಿಗೆ. ಅವನು ಗೊತ್ತಿಲ್ಲದೆ ಆಡಿದ್ದಲ್ಲ. ಅವನ ಕೊಟ್ಟಿಗೆಯಲ್ಲೂ ಗಬ್ಬದ ಹಸು ಇತ್ತು. ಅದನ್ನು ಕೆರೆಗೆ ಹೊಡೆಯಲು ಬಿಡುತ್ತಿರಲಿಲ್ಲ, ಇದ್ದಲ್ಲಿಗೇ ನೀರು ಹೊರಿಸುತ್ತಿದ್ದ. ಕಣ್ಣೆದುರಿಗೆ ಇದ್ದದ್ದಕ್ಕೆ ಅಷ್ಟು ಕರುಣೆ. ಕೊಡದಲ್ಲಿ ಗೋಲಿಯಾಗಿ ಬೀಳುವ ಕುರಿಗೆ ಇವನ ಎದೆಯಲ್ಲಿ ಏನೂ ಇರಲಿಲ್ಲ.

ಚಿತ್ತಮ್ಮ ಹೊಡೆದುಕೊಂಡು ಬಂದಳು. ಬಾಗಿಲಲ್ಲಿ ಕುರಿಗಳು ಒಂದರ ಮೇಲೊಂದು ನುಗ್ಗಿದವು. ಮರದ ಪಟ್ಟಿ ಹೊಟ್ಟೆಗೆ ಬಡಿಯಿತು. ಮರಳುವ ದಾರಿಯಲ್ಲಿ ಒಂದು ಕುರಿ ಕಂದು ಹಾಕಿತು. ಎಂದರೆ, ದಿನ ತುಂಬುವ ಮೊದಲೇ ಮರಿ ಕೆಳಗೆ ಬಿತ್ತು. ಅವಳು ಅಲ್ಲೇ ಮಣ್ಣು ಮಾಡಿ ಮುಂದೆ ನಡೆದಳು. ಮುಂದಿನ ಸೋಮವಾರ ಇನ್ನಷ್ಟು ಮರಿಗಳು ಹಾಗೆಯೇ ಬಿದ್ದವು. ಅವಳು ಹೋಗಿ ಹೇಳಿದಳು. ವ್ಯಾಪಾರಿ ಕೊಡ ನೋಡಿದ. ಗೋಲಿಗಳು ಸರಿಯಾಗಿದ್ದವು, ಒಂದೂ ಕಡಿಮೆ ಇರಲಿಲ್ಲ. ಎಲ್ಲ ಸರಿಯಿದೆಯಲ್ಲ, ಇವಳದೇನು ಗೋಳು ಎಂದ.

ಮರಿ ಹಾಕುವ ಕಾಲ ಬಂತು. ಚಿತ್ತಮ್ಮನ ಹಟ್ಟಿಯಲ್ಲಿ ಬೆರಳೆಣಿಕೆಯಷ್ಟು ಮರಿ. ವ್ಯಾಪಾರಿ ಕೆಂಡವಾದ. ಮರಿಗಳನ್ನು ಕದ್ದು ಮಾರಿದ್ದಾಳೆ ಎಂದು ಊರ ಹಿರಿಯರನ್ನು ಕೂಡಿಸಿದ. ಹಿರಿಯರು ಕಟ್ಟಳೆಯಂತೆ ಕಿವಿ ಎಲ್ಲಿ ಎಂದು ಕೇಳಿದರು. ಹುಟ್ಟದ ಮರಿಯ ಕಿವಿಗೆ ಗುರುತು ಹಾಕಿದವರು ಯಾರು ಎಂದು ಅವಳು ಕೇಳಿದಳು. ಹಿರಿಯರಿಗೆ ಎಲ್ಲವೂ ತಿಳಿದಿತ್ತು. ಅವರಲ್ಲೂ ಕುರಿ ಕಾದವರಿದ್ದರು. ಆದರೆ ಅವರ ಮಕ್ಕಳು ವ್ಯಾಪಾರಿಯ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಕಿವಿ ಇಲ್ಲದ ಮೇಲೆ ಮರಿ ಸತ್ತಿಲ್ಲ, ಅವನ ಪಾಲನ್ನು ತುಂಬಿಕೊಡು ಎಂದರು. ನಾಚಿಕೆಯಿಲ್ಲದ ಜನ. ಹೇಳಿ, ಎದ್ದು, ಪಂಚೆ ಕೊಡವಿಕೊಂಡು ಹೋದರು.

ಎರಡು ವರ್ಷ ಹೊಟ್ಟೆ ಕಟ್ಟಿ ಸಾಕಿದ ಮರಿಗಳನ್ನು ಚಿತ್ತಮ್ಮ ಅದೇ ಬಾಗಿಲಿನೊಳಗೆ ಹೊಡೆದಳು. ವ್ಯಾಪಾರಿ ಜಗಲಿಯ ಮೇಲೆ ಕೂತು ಕೇಳಿಸಿಕೊಂಡ. ಆ ಬಾಗಿಲು ಒಂದು ಗೋಲಿಯನ್ನೂ ತಪ್ಪಿಸಲಿಲ್ಲ. ಸಾಧನ ಅಂದರೆ ಸಾಧನ, ಅದರಲ್ಲಿ ಕೊರತೆಯೇನೂ ಇರಲಿಲ್ಲ.

ಮುಂದಿನ ಸೋಮವಾರ ಎಲ್ಲ ಹಳ್ಳಿಗಳ ಕುರಿಗಾರರೂ ಬಂದರು. ಪಾಲಿಗೆ ತೆಗೆದುಕೊಂಡ ಕುರಿಗಳನ್ನೆಲ್ಲ, ಮರಿಗಳ ಅರ್ಧ ಪಾಲಿನ ಸಮೇತ, ಒಂದೊಂದಾಗಿ ಬಾಗಿಲಿನೊಳಗೆ ಬಿಟ್ಟರು. ಕೊಡ ತುಂಬಿತು. ಕೊನೆಯಲ್ಲಿ ಬಂದ ಮುದುಕ ಜಗಲಿಯ ಹತ್ತಿರ ನಿಂತ.

“ಲೆಕ್ಕ ಸರಿಯಾಗಿದೆಯಾ, ಸ್ವಾಮಿ?”

“ಸರಿಯಾಗಿದೆ. ಇನ್ನು ಹೊಡ್ಕೊಂಡು ಹೋಗಿ.”

“ಸರಿಯಾಗಿದ್ದರೆ ಇಟ್ಕೊಳ್ಳಿ.”

ಎಲ್ಲರೂ ಹೆಗಲ ಮೇಲೆ ಕೋಲು ಹಾಕಿಕೊಂಡು ಬರಿಗೈಯಲ್ಲಿ ತಮ್ಮ ತಮ್ಮ ಊರಿಗೆ ಹೊರಟುಹೋದರು. ದೊಡ್ಡಿಯಲ್ಲಿ ಕುರಿ ನಿಲ್ಲಲು ಜಾಗವಿಲ್ಲ, ಒಂದು ಹಿಡಿ ಮೇವಿಲ್ಲ. ಅರಚಾಟಕ್ಕೆ ಬೀದಿಯವರೆಲ್ಲ ಹೊರಗೆ ಬಂದರು. ವ್ಯಾಪಾರಿ ಪಾಲು ಹೆಚ್ಚಿಸುತ್ತೇನೆ ಎಂದು ಹಟ್ಟಿಹಟ್ಟಿಗೆ ಹೇಳಿ ಕಳಿಸಿದ. ಯಾರೂ ಬರಲಿಲ್ಲ. ಕುರಿ ಸೊರಗುವ ಮೊದಲು ಕಟುಕರನ್ನು ಕರೆಸಿ, ಅವರು ಹೇಳಿದ ದರಕ್ಕೆ ಎಲ್ಲವನ್ನೂ ಕೊಟ್ಟುಬಿಟ್ಟ.

ವ್ಯಾಪಾರಿಗೆ ತಕ್ಕ ಶಾಸ್ತಿಯಾಯಿತು ಎಂದು ಕತೆ ಕೇಳಿದವರೆಲ್ಲ ಸಮಾಧಾನಪಟ್ಟುಕೊಳ್ಳುತ್ತಾರೆ. ನನಗೆ ಆ ಸಮಾಧಾನ ಇಲ್ಲ. ಕಟುಕರು ಹೊಡೆದುಕೊಂಡು ಹೋದ ಹಿಂಡಿನಲ್ಲಿ ಚಿತ್ತಮ್ಮನ ಮರಿಗಳೂ ಇದ್ದವು. ಅವಳಿಗೆ ಯಾರೂ ಏನನ್ನೂ ಹಿಂದಕ್ಕೆ ಕೊಡಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ. ಮುದುಕಿಯಾಗುವವರೆಗೆ ಇನ್ನೊಬ್ಬರ ಕುರಿ ಕಾದಳು.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶಪ್ಪ ಫೋನನ್ನು ಒರೆಸುತ್ತ ಹೇಳಿದ:

“ಅವನು ಪಾಪಿ, ಗುರುಗಳೇ. ನಾನು ಯಾರ ಮೇಲೂ ಕಳ್ಳತನ ಹೊರಿಸುವವನಲ್ಲ. ನನ್ನ ಪಾಡಿಗೆ ದಿನಕ್ಕೊಮ್ಮೆ ನೋಡಿಕೊಳ್ಳುತ್ತೇನೆ, ಅಷ್ಟೆ. ಈ ಎರಡರಲ್ಲಿ ಯಾವುದು ಆಗಬಹುದು ಹೇಳಿ.”

“ನೀನು ದಿನಕ್ಕೊಮ್ಮೆ ನೋಡಬೇಕಾದರೆ ದಿನಕ್ಕೊಮ್ಮೆ ನಡೆಯಬೇಕಾದವರು ಯಾರು, ತಿಪ್ಪೇಶ?” ಎಂದರು ಗುರುಗಳು.