ನೀರೊಳಗಿನ ಮಂಟಪ

"ಗುರುಗಳೇ, ಮಗಳನ್ನು ಉಳಿಸಿಕೊಳ್ಳಲು ನಾನು ಇನ್ನೇನು ಮಾಡಲಿ?"

ಹೀಗೆ ಕೇಳಿದ ವಿರೂಪಣ್ಣನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಶಲ್ಯದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ, ಬಿಡಿಸುತ್ತಿದ್ದ. ಮಗಳು ಗೌತಮಿ ಹತ್ತನೆಯ ತರಗತಿಯಲ್ಲಿದ್ದಳು. ನಾಲ್ಕು ತಿಂಗಳಿಂದ ಸರಿಯಾಗಿ ಊಟವಿಲ್ಲ, ಯಾರೊಡನೆಯೂ ಮಾತಿಲ್ಲ. ಪುಸ್ತಕ ತೆರೆದವಳು ತಕ್ಷಣ ಮುಚ್ಚಿಡುತ್ತಾಳೆ. ವೈದ್ಯರಿಗೆ ತೋರಿಸಿದ್ದಾಯಿತು. ಗದರಿಸಿದ್ದಾಯಿತು, ಮುದ್ದು ಮಾಡಿದ್ದಾಯಿತು, ಹರಕೆ ಹೊತ್ತದ್ದೂ ಆಯಿತು.

"ಧೈರ್ಯ ಬರಲಿ ಅಂತ ನನ್ನ ಕಾಲೇಜಿನ ಚಿನ್ನದ ಪದಕವನ್ನೇ ಅವಳ ಮೇಜಿನ ಎದುರಿಗೆ ತೂಗುಹಾಕಿದ್ದೇನೆ," ಎಂದ. ಅದನ್ನು ಹೇಳುವಾಗ ಮಾತ್ರ ಅವನ ದನಿ ನಡುಗಲಿಲ್ಲ.

ಗುರುಗಳು ಒಂದು ಕತೆ ಶುರುಮಾಡಿದರು.

ಒಬ್ಬ ಕಲ್ಲುಕುಟಿಗನಿದ್ದ. ಸುಣ್ಣದ ಕಲ್ಲಿನ ಕೆತ್ತನೆಯಲ್ಲಿ ಅವನದು ಎತ್ತಿದ ಕೈ. ಗಣಿಗೆ ಹೋಗುವಾಗ ಜೇಬಿನಲ್ಲಿ ಒಂದು ನಿಂಬೆಹಣ್ಣು ಇರಲೇಬೇಕು. ಬಂಡೆಯ ಮೇಲೆ ಒಂದು ಹನಿ ಹಿಂಡುವನು. ಬುರುಬುರು ನೊರೆ ಎದ್ದರೆ ಅದು ಸುಣ್ಣದ ಕಲ್ಲು, ಏಳದಿದ್ದರೆ ಅಲ್ಲ. ಮೂವತ್ತು ವರ್ಷಗಳಲ್ಲಿ ಅವನ ಪರೀಕ್ಷೆ ಒಮ್ಮೆಯೂ ತಪ್ಪಿರಲಿಲ್ಲ.

ದಿನವಿಡೀ ಸುತ್ತಿಗೆಯ ಸದ್ದು ಕೇಳಿದ ಕಿವಿಗೆ ಸದ್ದಿಲ್ಲದ ಜೀವ ಬೇಕೆನಿಸಿತೋ ಏನೋ, ಒಂದು ಗಾಜಿನ ತೊಟ್ಟಿ ತಂದ. ನಡುವೆ ತಾನೇ ಕೆತ್ತಿದ ಪುಟ್ಟ ಮಂಟಪ ಇಟ್ಟ. ಎಂಟು ಮೀನು ಬಿಟ್ಟ. ಮೀನು ಮಾರಿದ ಹೆಂಗಸು ಹೇಳಿಯೇ ಕಳಿಸಿದ್ದಳು: ಇವು ಮೆದು ನೀರಿನ ಮೀನು, ಗಡಸು ನೀರು ಒಗ್ಗುವುದಿಲ್ಲ. ಆಗಾಗ ಒಂದು ಲೋಟ ನೀರು ತೆಗೆದು ಈ ಔಷಧದ ಹನಿ ಹಾಕಿ ನೋಡಿ. ಹಸಿರಾದರೆ ಸರಿ, ನೀಲಿಯಾದರೆ ಕ್ಷಾರ ಹೆಚ್ಚಿದೆ.

ತಿಂಗಳು ಕಳೆಯುವಷ್ಟರಲ್ಲಿ ಲೋಟದ ನೀರು ನೀಲಿಯಾಯಿತು. ಒಂದು ಮೀನು ಸತ್ತು ತೇಲಿತು. ಅವನು ಬೋರ್‌ವೆಲ್ ನೀರನ್ನು ಶಪಿಸಿ, ಹಿಡಿದಿಟ್ಟ ಮಳೆನೀರು ತಂದು ತುಂಬಿದ. ನಾಲ್ಕೇ ದಿನಕ್ಕೆ ಮತ್ತೆ ನೀಲಿ. ಆಗ ನಿಂಬೆಹಣ್ಣು ಹಿಂಡಿದ. ಸಂಜೆ ಹಸಿರು, ಮರುದಿನ ನೀಲಿ. ಎರಡು ಹಿಂಡಿದ, ನಾಲ್ಕು ಹಿಂಡಿದ. ಹಿಂಡಿದಷ್ಟೂ ನೀರು ಹಠ ಹಿಡಿಯಿತು.

ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಮೀನು ಎಣಿಸುತ್ತಿದ್ದ. ಏಳು. ಐದು. ನಾಲ್ಕು. ಕೈ ಉಳಿಯ ಮೇಲಿದ್ದರೆ ಜೀವ ತೊಟ್ಟಿಯಲ್ಲಿರುತ್ತಿತ್ತು. ಒಂದು ದಿನ ಕೆತ್ತುತ್ತಿದ್ದ ವಿಗ್ರಹದ ಕಿರುಬೆರಳೇ ಮುರಿಯಿತು. ಮೂರು ಮೀನು ಉಳಿದಾಗ ಅವನು ಓಡಿಹೋಗಿ ಆ ಹೆಂಗಸನ್ನು ಕರೆತಂದ.

ಅವಳು ಬಗ್ಗಿ ನೋಡಿದಳು. "ಅಣ್ಣಾ, ಈ ಮಂಟಪ ಯಾವ ಕಲ್ಲಿಂದು?"

ಎಷ್ಟೋ ದಿನಗಳ ಮೇಲೆ ಕಲ್ಲುಕುಟಿಗನ ಮುಖ ಅರಳಿತು. "ನಮ್ಮ ಗಣೀದೇ ತಂಗಿ, ನಾನೇ ಕೆತ್ತಿದ್ದು. ಹದಿನಾರು ಕಂಬ ನೋಡು. ಮೀನಿಗೆ ಆಡೋಕೆ ಇರಲಿ ಅಂತ..."

ಹೇಳುತ್ತಲೇ ಕೆಳಗೆ ನೋಡಿದ. ಅವನ ಕೈಯಲ್ಲಿ ಅರ್ಧ ಹಿಂಡಿದ ನಿಂಬೆಹಣ್ಣಿತ್ತು.

ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂಡಿದ ಹುಳಿಯನ್ನೆಲ್ಲ ಮಂಟಪ ಕುಡಿದಿತ್ತು. ಕುಡಿದು ಕರಗಿ, ತನ್ನ ಸುಣ್ಣವನ್ನು ನೀರಿಗೆ ಬಿಟ್ಟಿತ್ತು. ಗಣಿಯ ಪ್ರತಿ ಬಂಡೆಗೂ ಹನಿ ಬಿಟ್ಟು ನೋಡಿದವನು ತಾನೇ ಕೆತ್ತಿದ ಇದೊಂದಕ್ಕೆ ಬಿಟ್ಟು ನೋಡಿರಲಿಲ್ಲ.

"ಮೊದಲು ಅದನ್ನ ಹೊರಗೆ ತೆಗೀರಿ. ನೀರನ್ನ ಮಾತ್ರ ಒಂದೇ ಸಲಕ್ಕೆ ಬದಲಾಯಿಸಬೇಡಿ, ದಿನಕ್ಕೆ ಒಂದೆರಡು ಚೊಂಬು ಸಾಕು," ಎಂದು ಹೇಳಿ ಅವಳು ಹೊರಟುಹೋದಳು.

ತೆಗೆಯುವುದು ಎಷ್ಟು ಹೊತ್ತಿನ ಕೆಲಸ? ಆದರೆ ಅವನಿಗೆ ಕೈ ಬರಲಿಲ್ಲ. ಬಂದವರೆಲ್ಲ ಮೊದಲು ಹೊಗಳುತ್ತಿದ್ದದ್ದು ಆ ಮಂಟಪವನ್ನೇ. ನಾಳೆ ತೆಗೆದರಾಯಿತು ಎಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ. ಆ ಎರಡು ದಿನಗಳಲ್ಲಿ ಎರಡು ಮೀನು ಹೋದವು. ಮೂರನೆಯ ದಿನ, ಒಂದೇ ಒಂದು ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದಾಗ, ಅವನು ನೀರಿಗೆ ಕೈ ಹಾಕಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ವಿರೂಪಣ್ಣ ಮುಂದಕ್ಕೆ ಬಾಗಿದ. "ಆ ಒಂದು ಮೀನು ಬದುಕಿತೇ, ಗುರುಗಳೇ?"

"ಮಗಳ ಮೇಜಿನ ಎದುರಿಗಿರುವ ನಿನ್ನ ಪದಕಕ್ಕೆ ಒಂದು ಹನಿ ನಿಂಬೆರಸ ಬಿಟ್ಟು ನೋಡಿದ್ದೀಯಾ?"

ಬೆರಳಿಗೆ ಸುತ್ತಿದ ಶಲ್ಯವನ್ನು ವಿರೂಪಣ್ಣ ಬಿಡಿಸಲಿಲ್ಲ.