ಸ್ವಿಚ್ಚಿಗೆ ಜಗುಲಿ ಕಟ್ಟಿದವನು

“ಕೇಳ್ರಪ್ಪೋ ಕೇಳ್ರಿ! ಅರಮನೆಯ ಸ್ವಿಚ್ಚಿಗೆ ಬಾಗಿಲು ಕೂರಿಸಬಲ್ಲ ಜಾಣನಿಗೆ ಕೋಟೆಯ ಕೀಲಿಕೈ, ರಾಜಕುಮಾರಿ ಕಂಚಲದೇವಿಯ ಕೈ! ಆಕೆ ಕೇಳುವ ಮೂರು ಒಗಟಲ್ಲಿ ಒಂದಕ್ಕೆ ತಪ್ಪಿದರೂ ತಲೆ ಹೋಯಿತು!”

ಡಂಗುರದವನು ಗಂಟಲು ಹರಿಯುವಂತೆ ಕೂಗುತ್ತಿದ್ದರೆ ಉಪ್ಪರಿಗೆಯಲ್ಲಿ ಕಂಚಲದೇವಿ ಕೈ ಕೈ ಹಿಸುಕಿಕೊಂಡಳು. ಒಗಟು ಅವಳದು, ನಿಜ. ತಲೆ ತೆಗೆಯುವ ಮಾತು ಮಾತ್ರ ಅಪ್ಪ ವೀರಗುಂಡರಾಯನದು. ಭಯವಿಲ್ಲದಿದ್ದರೆ ಕಂಡಕಂಡವರೆಲ್ಲ ಬಂದು ಬಾಯಿಗೆ ಬಂದದ್ದು ಒದರುತ್ತಾರೆ ಅಂತ ಅವನ ವಾದ.

ಆ ಸ್ವಿಚ್ಚಿನ ವಿಷಯ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯೋದಿಲ್ಲ. ರಾಜ ಹಡಗಿನಲ್ಲಿ ತರಿಸಿದ ಕಬ್ಬಿಣದ ಪೆಟ್ಟಿಗೆ ಅದು. ಮೈತುಂಬ ತೂತು, ತೂತಿಗೊಂದು ಹಸಿರು ದೀಪ. ತಂತಿ ಸಿಕ್ಕಿಸಿದರೆ ಸಾಕು, ಲೋಕದ ಸುದ್ದಿಯೆಲ್ಲ ಪುಟಪುಟವಾಗಿ ಅಂಗೈಯ ಹಲಗೆಗೆ ಬರುತ್ತಿತ್ತು. ಯಾರು ಸಿಕ್ಕಿಸಿದರೂ ಬರುತ್ತಿತ್ತಲ್ಲ, ಅದೇ ಕೆಟ್ಟದ್ದಾಯಿತು! ಕುದುರೆಲಾಯದ ಕಡೆಯಿಂದ ಕಳ್ಳನೊಬ್ಬ ತಂತಿ ಹಾಕಿ ಸೇನೆಯ ಗುಟ್ಟನ್ನೆಲ್ಲ ಹೀರಿಕೊಂಡು ಹೋದ. ರಾಜ ಸಿಟ್ಟಿಗೆದ್ದು ಎಲ್ಲ ತೂತೂ ಮುಚ್ಚಿಸಿದ. ಆಗ ರಾಯಭಾರಿಗಳು, ವ್ಯಾಪಾರಿಗಳು ಮುಖ ಊದಿಸಿಕೊಂಡು ವಾಪಸು ಹೋದರು. ಬಂದವರ ಹೆಸರು, ಗುಟ್ಟುಮಾತು ಕೇಳಿ ಒಳಬಿಡುವ ಬಾಗಿಲೊಂದು ಬೇಕಾಗಿತ್ತು. ಪೆಟ್ಟಿಗೆಗೆ ಅಪ್ಪಣೆ ಬರೆಯುವ ವಿದ್ಯೆ ಕಂಚಲದೇವಿಗೆ ಬರುತ್ತಿತ್ತು, ಆದರೆ ಬರೆದಾಗೆಲ್ಲ ಎಲ್ಲೋ ಎಡವುತ್ತಿದ್ದಳು. ಎಡವಿದ ಜಾಗಗಳನ್ನೇ ಒಗಟು ಮಾಡಿದಳು. ಮೂರನೆಯದರ ಉತ್ತರ ಅವಳಿಗೂ ಗೊತ್ತಿರಲಿಲ್ಲ ನೋಡಿ. ಹೇಳಿದ ಉತ್ತರದಂತೆ ಅಪ್ಪಣೆ ಬರೆದಾಗ ಬಾಗಿಲು ತೆರೆದರೆ ಸರಿ, ಹೀಗೆ ಪೆಟ್ಟಿಗೆಯೇ ತೀರ್ಮಾನಿಸಬೇಕಿತ್ತು.

ಮೊದಲು ಬಂದವನು ಕಮ್ಮಟಗಿರಿಯ ರಾಜಕುಮಾರ.

“ಅತಿಥಿಯೊಬ್ಬ ತಂತಿ ಸಿಕ್ಕಿಸಿದ್ದಾನೆ, ದೀಪ ಹತ್ತಿದೆ,” ಎಂದಳು ಕಂಚಲದೇವಿ. “ಅವನು ಹೊರಗಿದ್ದಾನೆ ಅನ್ನೋ ಹಾಗಿಲ್ಲ, ಒಳಗೆ ಬಂದ ಅನ್ನೋ ಹಾಗೂ ಇಲ್ಲ. ಹಾಗಾದರೆ ಎಲ್ಲಿದ್ದಾನೆ?”

“ತ್ರಿಶಂಕು ಸ್ವರ್ಗದಲ್ಲಿ!” ಎಂದು ರಾಜಕುಮಾರ ಮೀಸೆ ತಿರುವಿದ.

“ಅಲ್ಲಿಂದ ಯಾರೂ ಒಳಗೂ ಬರೋದಿಲ್ಲ, ಹೊರಗೂ ಹೋಗೋದಿಲ್ಲ. ನನ್ನ ಅತಿಥಿ ಒಳಗೆ ಬರಬೇಕು,” ಎಂದಳು. ಮೀಸೆಯ ಸಮೇತ ಅವನನ್ನು ಸೆರೆಗೆ ಎಳೆದೊಯ್ದರು. ಆಮೇಲೆ ಬಂದ ರತ್ನಪಡಿ ಸೆಟ್ಟಿಯ ಮಗ ಎರಡು ಒಗಟು ಬಿಡಿಸಿದ. ಮೂರನೆಯದಕ್ಕೆ “ನಂಬಿಕೆ” ಎಂದ. ಪೆಟ್ಟಿಗೆ ಮಿಸುಕಲಿಲ್ಲ. ಅವನನ್ನೂ ಎಳೆದೊಯ್ದರು. ಹೊತ್ತು ಮುಳುಗಿದರೆ ಇಬ್ಬರ ತಲೆಯೂ ಉರುಳುವುದಿತ್ತು.

ಆಗ ಬಂದವನು ಕರಿಬಸವ. ಊರ ಹೊರಗೆ ಅರವಟ್ಟಿಗೆ ಇಟ್ಟುಕೊಂಡು ದಾರಿಹೋಕರಿಗೆ ನೀರು ಕೊಡುತ್ತಿದ್ದ ಹುಡುಗ. ಪಂಚೆಯ ಅಂಚು ಇನ್ನೂ ಒದ್ದೆಯಾಗಿತ್ತು. ಅಯ್ಯೋ, ಇವನ ತಲೆಯೂ ಹೋಗುತ್ತದಲ್ಲ ಎಂದು ಕಂಚಲದೇವಿಯ ಜೀವ ಹೊಡೆದುಕೊಂಡಿತು.

ಮೊದಲನೆಯ ಒಗಟಿಗೆ ಅವನು ತಡಮಾಡಲಿಲ್ಲ. “ಜಗುಲಿ ಮೇಲೆ ಕೂತಿದ್ದಾನೆ ತಾಯಿ. ಮನೆ ಮುಟ್ಟಿದ್ದಾನೆ, ನಡುಮನೆಗೆ ಇನ್ನೂ ಕಾಲಿಟ್ಟಿಲ್ಲ. ನಿಮ್ಮ ಪೆಟ್ಟಿಗೆಗೆ ಜಗುಲಿಯೇ ಇಲ್ಲವೇನೋ. ಬಂದರೆ ಸೀದಾ ಅಡುಗೆಮನೆ, ಇಲ್ಲಾಂದ್ರೆ ಬೀದಿ.”

ಕಂಚಲದೇವಿಗೆ ನಗು ಬಂತು, ತಡೆದುಕೊಂಡಳು. “ಕಾಶಿಗೆ ಹೊರಟವನೂ ರಾಮೇಶ್ವರಕ್ಕೆ ಹೊರಟವನೂ ಒಂದೇ ಕಡೆ ಹೋಗಿ ನಿಲ್ಲುತ್ತಾರೆ. ಆದರೂ ದಾರಿ ತೋರಿಸಿದವನು ಮೋಸಗಾರನಲ್ಲ. ಹೇಗೆ?”

“ಎಲ್ಲಿಗೆ ಹೊರಟಿದ್ದರೂ ನಾನು ಮೊದಲು ಸುಂಕದ ಕಟ್ಟೆಗೇ ಕಳಿಸ್ತೀನಿ. ಹೆಸರು ಹೇಳಿ ಹೋಗಪ್ಪ ಅಂತೀನಿ. ಹೇಳಿದ ಮೇಲೆ ಅವನ ದಾರಿ ಅವನಿಗೆ. ಮೋಸ ಎಲ್ಲಿ ಬಂತು?”

“ಸರಿ!” ಎಂದಳು. ಪೆಟ್ಟಿಗೆಯಲ್ಲೂ ಹಾಗೆಯೇ, ಅತಿಥಿ ಯಾವ ಪುಟ ಕೇಳಿದರೂ ಹೆಸರು ಕೇಳುವ ಪುಟವೇ ಮೊದಲು ಬರಬೇಕು. ಅಷ್ಟು ಅವಳಿಗೂ ಹೊಳೆದಿತ್ತು. ಆದರೆ ಆ ಪುಟ ತೆರೆದೇ ಇರಲಿಲ್ಲ. ಅವಳು ಮೂರನೆಯದನ್ನು ಕೇಳಿದಳು.

“ಬಾಗಿಲಿದೆ, ಕಾವಲಿನವನಿದ್ದಾನೆ, ಅತಿಥಿ ಹೆಸರು ಹೇಳೋಕೆ ತಯಾರಿದ್ದಾನೆ. ಆದರೂ ಬಾಗಿಲು ಅವನ ಕಣ್ಣಿಗೆ ಬೀಳೋದಿಲ್ಲ. ಹೆಸರು ಕೇಳುವ ಮುಂಚೆಯೇ ಅವನಿಗೆ ಏನು ಕೊಡಬೇಕು?”

“ನೀರು,” ಎಂದ ಕರಿಬಸವ.

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. ಆದರೂ ಹುಡುಗನ ಮಾತು ನಿಲ್ಲಲಿಲ್ಲ. “ನಾಲಿಗೆ ಒಣಗಿದವನು ಹೆಸರು ಹೇಗೆ ಹೇಳ್ತಾನೆ? ನೀರು ಬೆಲ್ಲ ಕೊಟ್ಟು, ಕೂರೋಕೆ ಜಾಗ ಕೊಟ್ಟು, ಕಟ್ಟೆ ಎಲ್ಲಿದೆ ಅಂತ ಕೈ ತೋರಿಸಿ, ಆಮೇಲೆ ತಾನೇ ಹೆಸರು? ಪೆಟ್ಟಿಗೆ ಏನು ಕೊಡುತ್ತೆ ಅಂತ ನಂಗೆ ಗೊತ್ತಿಲ್ಲ ತಾಯಿ. ಏನೂ ಕೊಡದೆ ಎಲ್ಲವನ್ನೂ ಮುಚ್ಚಿಬಿಟ್ಟಿದ್ದೀರೇನೋ, ಒಂದು ಸಲ ನೋಡಿ.”

ಕಂಚಲದೇವಿ ದಡಕ್ಕನೆ ಎದ್ದಳು. ಹೌದಲ್ಲ! ಹೆಸರು ಹೇಳುವ ತನಕ ಏನನ್ನೂ ಬಿಡಬೇಡ ಎಂದು ಬರೆದವಳು ಅವಳೇ. ಪೆಟ್ಟಿಗೆಯೊಳಗಿನ ಇಬ್ಬರು ಆಳುಗಳಾದ, ಬಂದವರಿಗೆ ಕೂರುವ ಜಾಗದ ವಿಳಾಸ ಕೊಡುವವನನ್ನೂ, ಯಾವ ಪುಟ ಎಲ್ಲಿದೆ ಎಂದು ದಾರಿ ಹೇಳುವವನನ್ನೂ ಸೇರಿಸಿಯೇ ಮುಚ್ಚಿದ್ದಳು. ಪಾಪ, ಅತಿಥಿ ಬಾಗಿಲು ಹುಡುಕುವುದಾದರೂ ಹೇಗೆ! ಅವರಿಬ್ಬರನ್ನು ಮಾತ್ರ ಎಲ್ಲರಿಗೂ ಬಿಡು ಎಂದು ಪೆಟ್ಟಿಗೆಗೆ ಬರೆದಳು. ರಾಯಭಾರಿಯೊಬ್ಬ ಬಿಟ್ಟುಹೋಗಿದ್ದ ತಂತಿ ಸಿಕ್ಕಿಸಿದಳು. ಪುಟ ತೆರೆಯಿತು: “ದಯಮಾಡಿಸಿ. ತಮ್ಮ ಹೆಸರು?”

“ಭಲೇ ಹುಡುಗ!” ಎಂದು ಅವಳು ಸಭೆ ಇರುವುದನ್ನೂ ಮರೆತು ಕೂಗಿದಳು.

“ನನ್ನ ತಂತಿ ತನ್ನಿ!” ಎಂದ ರಾಜ. ಪೆಟ್ಟಿಗೆ ಅವನ ಹೆಸರನ್ನೂ ಕೇಳಿತು. ಹಲಗೆಯ ಮೇಲೆ ಗತ್ತಿನಿಂದ ಹೆಸರು ಹೊಡೆದ. ಗುಟ್ಟುಮಾತು ಕೇಳಿತು. ರಾಜ ತಲೆ ಕೆರೆದುಕೊಂಡ. ಒಂದು ಹೊಡೆದ, ತಪ್ಪು. ಇನ್ನೊಂದು ಹೊಡೆದ, ಅದೂ ತಪ್ಪು.

“ಅಪ್ಪಾಜಿ,” ಎಂದಳು ಕಂಚಲದೇವಿ ಮೆಲ್ಲಗೆ, “ತಪ್ಪು ಉತ್ತರಕ್ಕೆ ತಲೆ ಅಂತ ಡಂಗುರ ಹೊಡೆಸಿದ್ದು ನೀವೇ.”

ರಾಜನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಕರಿಬಸವ ಒಂದು ಚೊಂಬು ನೀರು ತಂದು ಮುಂದಿಟ್ಟ.

“ಕುಡೀರಿ ಪ್ರಭು. ತಪ್ಪು ಹೇಳಿದರೆ ಪೆಟ್ಟಿಗೆ ಒಳಗೆ ಬಿಡಲ್ಲ ಅಷ್ಟೇ, ಜಗುಲಿಯಿಂದ ಎಬ್ಬಿಸೋದಿಲ್ಲ. ಕೂತು ನೆನಪು ಮಾಡ್ಕೊಳ್ಳಿ.”

ರಾಜ ನೀರು ಕುಡಿದ. “ಸೆರೆಯಲ್ಲಿರೋ ಆ ಇಬ್ಬರನ್ನೂ ಬಿಡಿಸಿ ಕರ್ಕೊಂಡು ಬನ್ನಿ,” ಎಂದ ಕೊನೆಗೆ. “ಅವರಿಗೂ ಮೊದಲು ನೀರು ಕೊಡಿ.”

ಕೋಟೆಯ ಕೀಲಿಕೈಯನ್ನು ಕರಿಬಸವನಿಗೆ ರಾಜ ಕೊಟ್ಟ. ತನ್ನ ಕೈಯನ್ನು ಕಂಚಲದೇವಿ ತಾನೇ, ಮನಸಾರೆ, ಕೊಟ್ಟಳು. ಅರವಟ್ಟಿಗೆ ಅರಮನೆಯ ಹೆಬ್ಬಾಗಿಲಿಗೆ ಬಂತು. ಗುಟ್ಟುಮಾತು ರಾಜನಿಗೆ ಎರಡನೆಯ ಚೊಂಬಿಗೆ ನೆನಪಾಯಿತು. ಅಲ್ಲಿಯವರೆಗೂ ಅವನು ಎಲ್ಲರ ಜೊತೆ ಜಗುಲಿಯ ಮೇಲೆ ಕೂತಿದ್ದ.